‘ಕೊಟ್ಟು’ ಎಂಬಲ್ಲಿ ನಿಂತ ಮಾತು

ಕೆಲಸದ ಜಾಗದಲ್ಲಿ ಎಲ್ಲರಿಗೂ ಮಾವನಾದ ಸಾರುವೆ ಮಾವನಿಗೆ ಊರಿನ ಎತ್ತರದ ಕಟ್ಟಡಗಳೆಲ್ಲ ಚೆನ್ನಾಗಿ ಗೊತ್ತು, ಆದರೆ ಹೊರಗಿನಿಂದ ಮಾತ್ರ. ಗೋಡೆ ಏಳುತ್ತಿದ್ದ ಹಾಗೆ ಅದರ ಮೈಗೊತ್ತಿ ಬಿದಿರಿನ ಗಳಗಳನ್ನು ನಿಲ್ಲಿಸಿ, ಅಡ್ಡಗಳ ಬಿಗಿದು, ಹಲಗೆ ಹಾಸಿ, ಗಾರೆಯವರೂ ಬಣ್ಣದವರೂ ನಿಂತು ಕೆಲಸ ಮಾಡಲು ಸಾರುವೆ ಕಟ್ಟಿಕೊಡುವುದು ಅವರ ಮೂವತ್ತೆರಡು ವರ್ಷದ ಕಸುಬು. ಕಟ್ಟಡ ಮುಗಿಯಿತೆಂದರೆ ಸಾರುವೆ ಬಿಚ್ಚಬೇಕು. ಬಿಚ್ಚಿದ ಮಾರನೇ ದಿನ ಅದೇ ಕಟ್ಟಡದ ಬಾಗಿಲಲ್ಲಿ ಕಾವಲುಗಾರ ಅವರನ್ನು ತಡೆದು, “ಯಾರು ಬೇಕಾಗಿತ್ತು?” ಎನ್ನುತ್ತಾನೆ. ಹತ್ತಿದ ಏಣಿ ಒದೆಯುವುದು ಎಂಬ ಮಾತನ್ನು ಬೇರೆಯವರು ಬೈಗುಳವಾಗಿ ಬಳಸಿದರೆ, ಮಾವ ತಮ್ಮ ಉದ್ಯೋಗದ ವಿವರಣೆಯಾಗಿ ಬಳಸುತ್ತಿದ್ದರು.

ಎಂಟನೇ ಅಂತಸ್ತಿನಲ್ಲಿ ಒಂದು ಕಾಲು ಗಳದ ಮೇಲೆ, ಇನ್ನೊಂದು ಗಾಳಿಯಲ್ಲಿ ಇಟ್ಟು ಗಂಟು ಹಾಕುವ ಈ ಮನುಷ್ಯ ಮನೆಯಲ್ಲಿ ಬಲ್ಬು ಹೋದರೆ ಮಾತ್ರ ಕೆಳಗೇ ನಿಲ್ಲುತ್ತಾರೆ. ಸ್ಟೂಲು ಹತ್ತುವುದು ಹೆಂಡತಿ. ಯಾಕೆ ಅಂದರೆ, “ಆ ಸ್ಟೂಲು ನಾನು ಕಟ್ಟಿದ್ದಲ್ಲ, ನಂಬಿಕೆ ಇಲ್ಲ.”

ಅವರ ಮಾತೂ ಸಾರುವೆಯ ಹಾಗೆಯೇ, ಗಳಕ್ಕೆ ಗಳ ಸೇರಿಸುತ್ತ ಮೇಲೇರುವಂಥದ್ದು. “ಹೋಗಿ, ನೋಡಿ, ಮುಟ್ಟಿ, ಅಲ್ಲಾಡ್ಸಿ...” ಎಂದು ಶುರುವಾದರೆ ನಡುವೆ ಸಿಮೆಂಟಿನ ಧೂಳಿನ ಕೆಮ್ಮು ಬಂದು, ಅದು ಇಳಿದು, ಮಾತು ಎಲ್ಲಿ ನಿಂತಿತ್ತೆಂದು ಅವರು ನೆನಪಿಸಿಕೊಂಡು, ಕೊನೆಗೊಂದು ಕ್ರಿಯಾಪದ ಬಂದು ಕೂರುವ ಹೊತ್ತಿಗೆ ಕೇಳುವವನ ಟೀ ತಣ್ಣಗಾಗಿರುತ್ತಿತ್ತು. ಜೊತೆಯವರಿಗೆ ಇದು ರೂಢಿ. ಮಾವ ನಿಲ್ಲಿಸಿದರೆ ಅವರೂ ಕಾಯುತ್ತಿದ್ದರು.

ಕಾಯಲು ಬಾರದವನೊಬ್ಬ ಈ ಕಥೆಯಲ್ಲಿದ್ದಾನೆ. ತಪ್ಪೆಲ್ಲ ಅವನದೇ.

ಅವನು ಕಾರ್ಮಿಕರ ಸುರಕ್ಷತೆ ನೋಡಿಕೊಳ್ಳುವ ಇನ್‌ಸ್ಪೆಕ್ಟರ್ ಕಚೇರಿಯ ಗುಮಾಸ್ತ. ಕೆಲಸಕ್ಕೆ ಸೇರಿ ಹನ್ನೊಂದು ತಿಂಗಳಾಗಿತ್ತು, ಇನ್ನೂ ಕಾಯಂ ಆಗಿರಲಿಲ್ಲ. ಶಾಲೆಯಲ್ಲಿ ವ್ಯಾಕರಣಕ್ಕೆ ನೂರಕ್ಕೆ ತೊಂಬತ್ತೆಂಟು ಬಂದಿತ್ತು. ಹೇಳಿಕೊಳ್ಳುವಂಥದ್ದು ಬದುಕಿನಲ್ಲಿ ಅದೊಂದೇ ಇದ್ದುದರಿಂದ ಕೇಳದವರಿಗೂ ಹೇಳುತ್ತಿದ್ದ. ವಾಕ್ಯ ಚಿಕ್ಕದಿರಬೇಕು, ಪೂರ್ತಿಯಾಗಿರಬೇಕು ಎಂಬುದು ಅವನ ಸಿದ್ಧಾಂತ. ಯಾರು ಎಷ್ಟು ಉದ್ದ ಹೇಳಿದರೂ ಅವನ ಕೈಯಲ್ಲಿ ಅದು ನಾಲ್ಕು ನಾಲ್ಕು ಪದದ ತುಂಡಾಗಿ, ಪ್ರತಿ ತುಂಡಿಗೂ ಒಂದು ಚುಕ್ಕೆ ಬೀಳುತ್ತಿತ್ತು. ಕಚೇರಿಯಲ್ಲಿ ಅವನಿಗೆ ‘ಪೂರ್ಣವಿರಾಮ’ ಎಂದು ಹೆಸರು. ಮೊದಮೊದಲು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದ.

ಮಾವನ ಹೆಂಡತಿಯ ತಮ್ಮ ಬಿದ್ದದ್ದು ಒಂದು ಸೋಮವಾರ. ಐದು ಅಂತಸ್ತಿನ ಕಟ್ಟಡದ ನಾಲ್ಕನೆಯದರ ಹೊರಗೋಡೆಗೆ ಗಾರೆ ಹಚ್ಚುತ್ತಿದ್ದವನು ಒಂದು ಹೆಜ್ಜೆ ಹಿಂದಿಟ್ಟ. ಹಿಂದೆ ಹಲಗೆ ಇತ್ತು, ಅಂಚಿಗೆ ತಡೆ ಇರಲಿಲ್ಲ. ಕೆಳಗೆ ಬಲೆ ಇರಲಿಲ್ಲ, ಮರಳಿನ ರಾಶಿ ಇತ್ತು. ಪ್ರಾಣ ಉಳಿಯಿತು, ಸೊಂಟ ಉಳಿಯಲಿಲ್ಲ.

ಮಾರನೇ ಬೆಳಿಗ್ಗೆ ಇನ್‌ಸ್ಪೆಕ್ಟರ್ ಮೇಡಂ ಗುಮಾಸ್ತನನ್ನು ಕರೆದುಕೊಂಡು ಅಲ್ಲಿಗೆ ಹೋದರು. ಮೇಡಂ ಎತ್ತರದ ಹೆಂಗಸು, ಕತ್ತು ಉದ್ದ, ಮೂಗಿನ ತುದಿಗೆ ಕನ್ನಡಕ. ಏನನ್ನೂ ಅಳೆಯದೆ ನಂಬುವವರಲ್ಲ. ಅಳತೆ ಟೇಪು ಹಿಡಿದು ಅವರು ಸಾರುವೆಯ ಬುಡಕ್ಕೆ ಹೋದರೆ, ಗುಮಾಸ್ತ ಕಚ್ಚಾ ಪುಸ್ತಕ ಬಿಚ್ಚಿ ಇಟ್ಟಿಗೆಯ ಮೇಲೆ ಕೂತು ಮಾವನ ಹೇಳಿಕೆ ಬರೆದುಕೊಳ್ಳತೊಡಗಿದ. ಪಕ್ಕದಲ್ಲಿ ಕಾಂಕ್ರೀಟ್ ಮಿಕ್ಸರ್ ಗುಡುಗುತ್ತಿತ್ತು.

“ಅಂಚಿಗೆ ಕಟ್ಟೋಕೆ ಗಳ ಕೇಳಿದ್ರಾ?”

“ಮೂರು ಸಲ ಕೇಳಿದ್ವಿ ತಮ್ಮಾ. ನಾಳೆ ಬರತ್ತೆ ಅಂದ್ರು. ನಾಳೆ ದಿನಾ ಬರ್ತಿತ್ತು, ಗಳ ಬರ್ಲಿಲ್ಲ.”

“ಬೆಲ್ಟು? ಸೊಂಟಕ್ಕೆ ಹಾಕ್ಕೊಳ್ಳೋ ಬೆಲ್ಟು?”

“ಬೆಲ್ಟಾ? ಹೋದ ತಿಂಗಳು ಒಂದಿನ ನಮ್ಮನ್ನೆಲ್ಲ ಕೆಳಕ್ಕೆ ಕರ್ದು, ಬೆಲ್ಟು ಕೊಟ್ಟು...”

ಕೆಮ್ಮು ಬಂತು. ಗುಮಾಸ್ತ ‘ಬೆಲ್ಟ್ ಕೊಟ್ಟು’ ಎಂದು ಬರೆದು, ಮುಂದೊಂದು ಅಡ್ಡಗೆರೆ ಎಳೆದು ಕಾದ. ಕೆಮ್ಮು ಉದ್ದವಾಯಿತು. ಸುಮ್ಮನೆ ಕೂರಲಾರದೆ ಪುಟದ ಅಂಚಿನಲ್ಲಿ ಒಂದು ಕ್ರೇನಿನ ಚಿತ್ರ ಬಿಡಿಸಿ, ಅದರ ಕತ್ತನ್ನು ಚೂರು ಉದ್ದ ಮಾಡಿ, ತುದಿಗೊಂದು ಕನ್ನಡಕ ಇಟ್ಟ. ಆ ಹೊತ್ತಿಗೆ ಕ್ರೇನೇ ಕರೆಯಿತು: “ಏನ್ರೀ ಪೂರ್ಣವಿರಾಮ! ಬಂದು ಟೇಪಿನ ಆ ತುದಿ ಹಿಡ್ಕೊಳ್ರೀ!” ಅವನು ಓಡಿದ. ಹಿಂದೆ ಮಾವ ಕೆಮ್ಮು ಮುಗಿಸಿ, ಖಾಲಿ ಇಟ್ಟಿಗೆಗೆ ಮಾತಿನ ಉಳಿದ ಭಾಗ ಹೇಳುತ್ತಿದ್ದರು. ಅವನು ತಿರುಗಿ ಬಂದಾಗ, “ಅಷ್ಟೇ ತಮ್ಮಾ, ನಡೆದದ್ದು,” ಎಂದರು. “ಸರಿ ಮಾವ,” ಎಂದ ಇವನು.

ಕಚೇರಿಯಲ್ಲಿ ಶುದ್ಧಪ್ರತಿ ಮಾಡುವಾಗ ಆ ‘ಕೊಟ್ಟು’ ಅವನ ಕಣ್ಣಿಗೆ ಚುಚ್ಚಿತು. ಕೊಟ್ಟು ಅಂದರೆ ಏನು? ಕೊಟ್ಟು ಏನು ಮಾಡಿದರು? ಅರ್ಧ ಕ್ರಿಯೆ, ಒಂದು ಕಾಲು ಗಳದ ಮೇಲೆ, ಇನ್ನೊಂದು ಗಾಳಿಯಲ್ಲಿ. ತೊಂಬತ್ತೆಂಟು ತೆಗೆದವನು ಇಂಥದ್ದನ್ನು ಹಾಗೇ ಬಿಡುತ್ತಾನೆಯೇ? ‘ಕೊಟ್ಟರು’ ಎಂದು ತಿದ್ದಿ, ಗುಂಡಗೆ ಒಂದು ಚುಕ್ಕೆ ಇಟ್ಟ. ಮಾರನೇ ದಿನ ಮಿಕ್ಸರಿನ ಪಕ್ಕದಲ್ಲೇ ಅದನ್ನು ಮಾವನಿಗೆ ಓದಿ ಹೇಳಿದ. ಅರ್ಧ ಕೇಳಿಸಿತು, ಅರ್ಧ ಗುಡುಗಿಗೆ ಹೋಯಿತು. ಮಾವ ನಿಧಾನವಾಗಿ, ಪ್ರತಿ ಅಕ್ಷರಕ್ಕೂ ಬಿಗಿಯಾಗಿ ಗಂಟು ಹಾಕುವವರಂತೆ, ಸಹಿ ಮಾಡಿಕೊಟ್ಟರು.

ಮೇಡಂ ಅಲ್ಲಿ ತಾವೇ ಕಣ್ಣಾರೆ ಕಂಡದ್ದನ್ನು ನೆಚ್ಚಿ ಕಂಪನಿಯ ಮಾಲೀಕನ ಮೇಲೂ ಅಲ್ಲಿನ ಮ್ಯಾನೇಜರ್ ಮೇಲೂ ಕೇಸು ಹಾಕಿದರು: ಎತ್ತರದಲ್ಲಿ ಕೆಲಸ ಮಾಡುವವರಿಗೆ ಅಂಚಿನ ತಡೆ ಇಲ್ಲ, ಬಲೆ ಇಲ್ಲ, ಬೆಲ್ಟ್ ಇಲ್ಲ. ಕಂಪನಿಯ ಉತ್ತರವೂ ಬಂತು. ಬೆಲ್ಟ್ ಕೊಟ್ಟಿದ್ದೇವೆ, ಇದೋ ಫೋಟೋ. ಹಾಕಿಕೊಳ್ಳದ್ದು ಅವರ ತಪ್ಪು. ಇನ್ನು ಅಂಚಿನ ತಡೆಯೋ, ಅದು ಸಾರುವೆ ಕಟ್ಟಿದವನ ಜವಾಬ್ದಾರಿ. ಅಂದರೆ ಮಾವನದು.

ಸಾಕ್ಷಿ ಹೇಳಲು ಬರಬೇಕೆಂಬ ಸಮನ್ಸನ್ನು ಗುಮಾಸ್ತನೇ ಮಾವನ ಮನೆಗೆ ಒಯ್ದ. ಅಂಚೆಯಲ್ಲಿ ಕಳಿಸಬಹುದಿತ್ತು. ಆದರೆ ಜೊತೆಯ ಕೆಲಸಗಾರರು ಹೇಳಿದಂತೆ ಎಂಟನೇ ಅಂತಸ್ತಿಗೆ ಹೆದರದೆ ಸ್ಟೂಲಿಗೆ ಹೆದರುವ ಮನುಷ್ಯನ ಮನೆ ಹೇಗಿರುತ್ತದೆಂದು ಅವನಿಗೆ ನೋಡಲೇಬೇಕಾಗಿತ್ತು. ಎರಡು ಕೋಣೆಯ ಮನೆ. ಮೊದಲ ಕೋಣೆಯ ಮಂಚದಲ್ಲಿ ಬಾಮೈದ, ಗೋಡೆಗೆ ಒರಗಿಸಿದ ಎರಡು ಊರುಗೋಲು, ಕಿಟಕಿಗೆ ಕಟ್ಟಿದ ಬಟ್ಟೆ ಒಣಗಿಸುವ ಹಗ್ಗ. ಆ ಹಗ್ಗದ ಗಂಟು ಒಂದು ಕಟ್ಟಡವನ್ನೇ ಎಳೆದು ನಿಲ್ಲಿಸುವಷ್ಟು ಗಟ್ಟಿಯಾಗಿತ್ತು.

“ಬನ್ನಿ ಸಾರ್, ಕೂತ್ಕೊಳ್ಳಿ,” ಎಂದ ಬಾಮೈದ. “ನಾನು ಏಳಲ್ಲ. ಮರ್ಯಾದೆ ಇಲ್ಲ ಅಂತಲ್ಲ, ಸೊಂಟ ಇಲ್ಲ.”

“ಸುಮ್ನಿರೋ,” ಎಂದು ಅವನ ಅಕ್ಕ ಒಳಗಿನಿಂದ ಬಂದರು. ಕಾಗದ ತೆಗೆದುಕೊಂಡು ತಿರುಗಿಸಿ ನೋಡಿ ಕೇಳಿದರು, “ಕೇಸು ಬಿದ್ದುಹೋದ್ರೆ ಏನಾಗತ್ತಪ್ಪ?”

“ಕಂಪನಿಗೆ ಏನೂ ಆಗಲ್ಲಮ್ಮ.”

“ಕಂಪನಿ ಮಾತು ಬಿಡು. ಬೆಲ್ಟು ಇತ್ತು, ಸಾರ್ವೆ ಸರಿ ಇರ್ಲಿಲ್ಲ ಅಂತ ಬರ್ದುಬಿಟ್ರೆ? ನನ್ನ ತಮ್ಮನ ಸೊಂಟ ಮುರ್ದೋನು ನನ್ನ ಗಂಡ ಅಂತಾಗತ್ತೆ. ಒಂದೇ ಮನೇಲಿ ಒಂದೇ ಊಟದ ಸಾಲಿಗೆ ಇಬ್ರೂ ಕೂರ್ಬೇಕು. ನಾನು ಯಾರಿಗೆ ಮೊದ್ಲು ಬಡಿಸ್ಲಿ?”

ಬಾಮೈದ, “ನನಗೇ ಬಡಿಸಕ್ಕ, ಭಾವ ಎದ್ದು ಹಾಕ್ಕೋತಾರೆ,” ಎಂದ. ಮಾವ ಕಿಟಕಿಯ ಹಗ್ಗ ನೋಡುತ್ತ ಕೂತಿದ್ದರು.

ಮಾತು ತಿರುಗಿಸಲು ಗುಮಾಸ್ತ, ಗಂಟಿನ ತುದಿಯನ್ನು ಯಾಕೆ ಹಾಗೆ ಗೇಣುದ್ದ ಜೋತಾಡಿಸಿದ್ದೀರಿ, ಕತ್ತರಿಸಿದರೆ ಚೆಂದವಲ್ಲವೇ ಎಂದು ಕೇಳಿದ.

“ಚೆಂದ ಕಾಣತ್ತೆ ತಮ್ಮಾ, ಜಾರತ್ತೆ,” ಎಂದರು ಮಾವ. “ಭಾರ ಬಿದ್ದಾಗ ಗಂಟು ಒಂಚೂರು ಒಳಕ್ಕೆ ಎಳ್ಕೊಳತ್ತೆ. ಎಳ್ಕೊಳ್ಳೋಕೆ ಬಾಲ ಬೇಕು. ಹೊಸಬರು ಬಾಲ ಕತ್ತರಿಸಿ ಚೊಕ್ಕ ಮಾಡ್ತಾರೆ. ಅವರ ಸಾರ್ವೆ ನಾನು ಹತ್ತಲ್ಲ.”

ಗುಮಾಸ್ತನಿಗೆ ಇದು ಬಹಳ ಹಿಡಿಸಿತು. ದಾರಿಯುದ್ದಕ್ಕೂ ತನ್ನ ಚೀಲದ ಹಗ್ಗಕ್ಕೆ ಗಂಟು ಹಾಕಿ ಬಿಚ್ಚುತ್ತ ಬಂದ. ಬಾಲ ಕತ್ತರಿಸುವ ಹೊಸಬ ಯಾರೆಂದು ಮಾತ್ರ ಹೊಳೆಯಲಿಲ್ಲ.

ಹೊಳೆದದ್ದು ನ್ಯಾಯಾಲಯದಲ್ಲಿ. ಮೂರನೇ ಮಹಡಿಯ ಕೋಣೆ, ಎತ್ತರದ ಕಿಟಕಿಗಳು, ಒಂದು ಕಾಲು ಕುಂಟುವ ಬೆಂಚು. ಮಾವ ಕಟಕಟೆಗೆ ಬಂದವರು ಮೊದಲು ಕಟಕಟೆಯನ್ನೇ ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದರು. ಗಟ್ಟಿಯಾಗಿತ್ತು. ಆಮೇಲೆ ಹತ್ತಿದರು. ಗುಮಾಸ್ತ ಹಿಂದೆ ಫೈಲು ಹಿಡಿದು ಮೇಡಂ ಪಕ್ಕದಲ್ಲಿ ಕೂತಿದ್ದ.

ಕಂಪನಿ ವಕೀಲರು ಪಾಟೀಸವಾಲಿಗೆ ಎದ್ದರು. ಒಳ್ಳೆಯ ದನಿ, ಇಸ್ತ್ರಿ ಹಾಕಿದಂಥ ಮಾತು.

“ಕಂಪನಿ ನಿಮಗೆ ಬೆಲ್ಟ್ ಕೊಟ್ಟಿತ್ತಾ?”

“ಕರ್ದು, ಕೊಟ್ಟು...” ಎಂದು ಮಾವ ಕೆಮ್ಮಿದರು.

“ಕೊಟ್ಟಿತ್ತು. ಸಾಕು.”

“ಸಾಕಾಗಲ್ಲ ಸ್ವಾಮಿ, ಇನ್ನೂ ಇದೆ.”

“ಹೌದೋ ಅಲ್ವೋ, ಅಷ್ಟು ಹೇಳಿ.”

“ಹೌದು ಅಂದ್ರೆ ಅರ್ಧ ಸುಳ್ಳು. ಅಲ್ಲ ಅಂದ್ರೆ ಇನ್ನರ್ಧ ಸುಳ್ಳು.”

ವಕೀಲರು ನಕ್ಕು ಕಾಗದ ಎತ್ತಿದರು. “ನಿಮ್ಮ ಹೇಳಿಕೆ, ಪುಟ ಎರಡು. ‘ನಮಗೆಲ್ಲ ಬೆಲ್ಟ್ ಕೊಟ್ಟರು.’ ಪೂರ್ಣವಿರಾಮ!”

ಗುಮಾಸ್ತ ತನ್ನನ್ನೇ ಕರೆದರೆಂದು ಎದ್ದು ನಿಂತುಬಿಟ್ಟ. ಮೇಡಂ ಅಂಗಿ ಹಿಡಿದು ಕೂರಿಸಿದರು.

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. “ಅವರು ಏನೋ ಹೇಳ್ತಿದಾರೆ, ಪೂರ್ತಿ ಹೇಳ್ಲಿ.”

ಮಾವ ಒಂದು ಉಸಿರು ಎಳೆದುಕೊಂಡರು. “ಕರ್ದು, ಬೆಲ್ಟು ಕೊಟ್ಟು, ಸಾಲಾಗಿ ನಿಲ್ಸಿ, ಫೋಟೋ ಹೊಡ್ದು, ಬಿಚ್ಚಿಸ್ಕೊಂಡು, ಚೀಲಕ್ಕೆ ತುಂಬ್ಕೊಂಡು, ಇನ್ನೊಂದು ಕಟ್ಟಡಕ್ಕೆ ತಗೊಂಡು ಹೋದ್ರು, ಸ್ವಾಮಿ.”

ಆರು ಗಳ ಏರಿದ ಮೇಲೆ ಬಂದ ಆ ‘ಹೋದ್ರು’ ಗುಮಾಸ್ತನ ತಲೆಯ ಮೇಲೆ ಹಲಗೆಯ ಹಾಗೆ ಬಿತ್ತು.

“ಇದು ಇವತ್ತು ಹುಟ್ಟಿದ ಕಥೆ,” ಎಂದರು ವಕೀಲರು ತಣ್ಣಗೆ. “ಘಟನೆಯ ಮಾರನೇ ದಿನದ ಹೇಳಿಕೆಯಲ್ಲಿ ಚೀಲವೂ ಇಲ್ಲ, ಬಿಚ್ಚಿದ್ದೂ ಇಲ್ಲ. ಕೊಟ್ಟರು ಅಂತಿದೆ, ಮುಗಿದಿದೆ. ಕೆಳಗೆ ಇವರದೇ ಸಹಿ ಇದೆ.”

ವಿಚಾರಣೆ ಮುಂದಿನ ವಾರಕ್ಕೆ ಹೋಯಿತು. ಹೊರಗೆ ಸರ್ಕಾರಿ ವಕೀಲರು ಮೇಡಂ ಮುಂದೆ ತಲೆ ಚಚ್ಚಿಕೊಂಡರು: ಬರಹಕ್ಕೆ ಬರಹವೇ ಎದುರು ನಿಲ್ಲಬೇಕು, ಬಾಯಿಮಾತು ಸಾಲದು, ಮುದುಕ ಸಿಕ್ಕಿಬಿದ್ದ. ಗುಮಾಸ್ತ ಕಚೇರಿಗೆ ಓಡಿದ.

ಕಚ್ಚಾ ಪುಸ್ತಕ ಕಪಾಟಿನ ತಳದಲ್ಲಿತ್ತು. ಪುಟ ಸಿಕ್ಕಿತು: ‘ಬೆಲ್ಟ್ ಕೊಟ್ಟು —’. ಅಡ್ಡಗೆರೆ ಅಲ್ಲೇ ಇತ್ತು, ಗೇಣುದ್ದ ಬಾಲದ ಹಾಗೆ. ಪಕ್ಕದಲ್ಲಿ ಕ್ರೇನೂ ಇತ್ತು, ಕನ್ನಡಕ ಸಮೇತ. ಅವನು ಪುಸ್ತಕವನ್ನು ಮುಚ್ಚಿದ. ತೆರೆದ. ಮತ್ತೆ ಮುಚ್ಚಿದ. ತೋರಿಸಿದರೆ ಹೇಳಿಕೆ ತಿದ್ದಿದವನು ತಾನೆಂದು ಊರಿಗೇ ಗೊತ್ತಾಗುತ್ತದೆ, ಕಾಯಂ ಆಗುವ ಕಾಗದಕ್ಕೆ ಮೇಡಂ ಸಹಿ ಬೇಕು, ಆ ಮೇಡಂ ಪುಟದಂಚಿನಲ್ಲಿ ಇಟ್ಟಿಗೆ ಎತ್ತುತ್ತಿದ್ದಾರೆ. ಕ್ರೇನನ್ನು ಮಾತ್ರ ರಬ್ಬರಿನಲ್ಲಿ ಅಳಿಸಿದರೆ? ರಬ್ಬರು ಕೈಗೂ ಬಂತು. ತಿದ್ದಿದ್ದಕ್ಕೇ ಈ ಗತಿ, ಇನ್ನು ಅಳಿಸಿದರೇನು ಕಾದಿದೆಯೋ ಎಂದು ಹೆದರಿ ಕೆಳಗಿಟ್ಟ.

ಆದರೆ ಅವನ ತಲೆಯಲ್ಲಿ ಇನ್ನೊಂದು ಕೊರೆಯುತ್ತಿತ್ತು. ಚೀಲ. ಚೀಲವನ್ನು ಎಲ್ಲೋ ನೋಡಿದ ಹಾಗಿದೆಯಲ್ಲ? ಫೈಲು ತೆಗೆದು ಕಂಪನಿ ಕೊಟ್ಟ ಫೋಟೋ ಹುಡುಕಿದ. ಹದಿನಾಲ್ಕು ಜನ ಸಾಲಾಗಿ ನಿಂತಿದ್ದರು, ಸೊಂಟಕ್ಕೆ ಹೊಸ ಬೆಲ್ಟು. ಮಾವ ಎಡದಿಂದ ಮೂರನೆಯವರು, ಕೆಮ್ಮು ತಡೆಯುತ್ತಿದ್ದ ಮುಖ. ಬಲಮೂಲೆಯಲ್ಲಿ ಕಚೇರಿಯ ನೇರಳೆ ಮೊಹರು. ಮೊಹರು ಒತ್ತಿದವನು ಯಾರೆಂದು ಬೇರೆ ಹೇಳಬೇಕಿಲ್ಲ. ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದ. ನೇರಳೆ ಮಸಿಯ ಕೆಳಗೆ ಒಬ್ಬ ಬಗ್ಗಿ ನಿಂತಿದ್ದ. ಎರಡೂ ಕೈಯಲ್ಲಿ ಗೋಣಿಚೀಲದ ಬಾಯಿ ಅಗಲಿಸಿ, ಫೋಟೋ ಮುಗಿಯುವುದನ್ನೇ ಕಾಯುತ್ತಿದ್ದ. ಇನ್ನೂ ಹತ್ತಿರ ನೋಡಿದರೆ ಬೆಲ್ಟಿನ ಕೊಕ್ಕೆಗಳಿಗೆ ಅಂಗಡಿಯ ಪ್ಲಾಸ್ಟಿಕ್ ಹಾಗೇ ಇತ್ತು.

ಅವನು ಮೇಡಂ ಕೋಣೆಗೆ ಹೋಗಿ ಎರಡನ್ನೂ ಮೇಜಿನ ಮೇಲಿಟ್ಟ. ಮೇಡಂ ‘ಕೊಟ್ಟು —’ ನೋಡಿದರು, ಶುದ್ಧಪ್ರತಿಯ ‘ಕೊಟ್ಟರು.’ ನೋಡಿದರು, ಫೋಟೋ ನೋಡಿದರು. ಕೊನೆಗೆ ಪುಟದ ಅಂಚಿಗೆ ಬಂದರು.

“ನನ್ನ ಕತ್ತು ಇಷ್ಟುದ್ದ ಇದೆಯೇನ್ರೀ?”

“ಇಲ್ಲ ಮೇಡಂ. ಅದು... ಅಳತೆ ಪ್ರಕಾರ ಬರ್ದಿದ್ದಲ್ಲ.”

“ಅಳೀದೆ ಬರ್ಯೋದೇ ನಿಮ್ಮ ರೋಗ,” ಎಂದು ಅವರು ಸರ್ಕಾರಿ ವಕೀಲರಿಗೆ ಫೋನು ಹಚ್ಚಿದರು. “ಇನ್ನೊಬ್ಬ ಸಾಕ್ಷಿ ಸಿಕ್ಕಿದಾನೆ ಸಾರ್. ದಡ್ಡ, ಆದ್ರೆ ಪುಸ್ತಕ ಇಟ್ಕೊಂಡಿದಾನೆ.”

ಮುಂದಿನ ವಾರ ಕಟಕಟೆ ಹತ್ತುವ ಮೊದಲು ಗುಮಾಸ್ತನೂ ಅದನ್ನು ಅಲ್ಲಾಡಿಸಿ ನೋಡಿದ. ಬೆಂಚಿನಲ್ಲಿ ಮಾವ, ಅವರ ಪಕ್ಕ ಹೆಂಡತಿ, ಆ ಪಕ್ಕ ಊರುಗೋಲು ಹಿಡಿದ ಬಾಮೈದ ಕೂತಿದ್ದರು.

ನ್ಯಾಯಾಧೀಶರು ಪುಸ್ತಕ ತೆಗೆದುಕೊಂಡರು. “ಇದೇನು ಚಿತ್ರ?”

“ಕ್ರೇನು, ಸ್ವಾಮಿ.”

“ಕ್ರೇನಿಗೆ ಕನ್ನಡಕ?”

“ಧೂಳಿತ್ತು, ಸ್ವಾಮಿ.”

ಕಂಪನಿ ವಕೀಲರು ಎದ್ದರು. “ಒಂದು ಅಡ್ಡಗೆರೆ. ಬೆಲ್ಟನ್ನ ವಾಪಸ್ ತಗೊಂಡ್ರು ಅಂತ ಇದರಲ್ಲಿ ಎಲ್ಲಿ ಬರ್ದಿದೆ?”

“ಬರ್ದಿಲ್ಲ,” ಎಂದ ಗುಮಾಸ್ತ. “ಮಾತು ಮುಗ್ದಿಲ್ಲ ಅಂತ ಬರ್ದಿದೆ. ಮುಗ್ಸಿದ್ದು ನಾನು. ಅವರು ಕೆಮ್ತಾ ಇದ್ರು, ನಾನು ಟೇಪು ಹಿಡಿಯೋಕೆ ಹೋದೆ, ಬಂದ್ಮೇಲೆ ಕೇಳ್ಲಿಲ್ಲ. ಆಮೇಲೆ ವಾಕ್ಯ ಅರ್ಧ ಇದೆ ಅಂತ ನಾನೇ... ಚೊಕ್ಕ ಮಾಡ್ದೆ.”

“ಸಾಕ್ಷಿ ಹೇಳದೇ ಇದ್ದದ್ದನ್ನ ಬರ್ದ್ರಿ ಅಂತೀರಾ? ಸರ್ಕಾರಿ ನೌಕರರಾಗಿ?”

“ಹೌದು. ವ್ಯಾಕರಣ ಸರಿ ಇತ್ತು. ವಿಷಯ ತಪ್ಪಿತ್ತು.”

ಹಿಂದೆ ಯಾರೋ ಕಿಸಕ್ಕೆಂದರು. ಮಾವನ ಕೆಮ್ಮೂ ಇರಬಹುದು. ಆಮೇಲೆ ಸರ್ಕಾರಿ ವಕೀಲರು ಫೋಟೋ ಮುಂದಿಟ್ಟು ಮೊಹರಿನ ಕೆಳಗೇನಿದೆ ಎಂದು ಕೇಳಿದರು. ಗುಮಾಸ್ತ ಹೇಳಿದ. ನ್ಯಾಯಾಧೀಶರು ಫೋಟೋವನ್ನು ಎತ್ತಿ ಕಿಟಕಿಗೆ ಹಿಡಿದರು, ಒಂದು ಕಣ್ಣು ಮುಚ್ಚಿದರು, ಮತ್ತೆ ಹಿಡಿದರು. ಕಂಪನಿ ವಕೀಲರು ತಮ್ಮದೇ ಕಡೆಯವರು ಕೊಟ್ಟ ಫೋಟೋವನ್ನು ಮೊದಲ ಸಲ ನೋಡುವವರಂತೆ ಹತ್ತಿರ ಬಂದು ನೋಡಿದರು. ಆಮೇಲೆ ಅವರ ಮಾತಿಗೆ ಇಸ್ತ್ರಿ ಉಳಿಯಲಿಲ್ಲ.

ತೀರ್ಪು ಬರಲು ನಾಲ್ಕು ತಿಂಗಳು ಹಿಡಿಯಿತು. ಮಾಲೀಕನೂ ಮ್ಯಾನೇಜರೂ ತಪ್ಪಿತಸ್ಥರು. ಅಂಚಿಗೆ ಗಳ ಕೊಡದ್ದು ಅವರು, ಬೆಲ್ಟನ್ನು ಫೋಟೋಗೆ ಮಾತ್ರ ಕೊಟ್ಟದ್ದು ಅವರು. ಸಾರುವೆ ಕಟ್ಟಿದವನ ಮೇಲೆ ದೋಷವಿಲ್ಲ. ಕಂಪನಿ ಮೇಲಿನ ಕೋರ್ಟಿಗೆ ಹೋಗುತ್ತೇವೆ ಎಂದಿತು. ಅದೇ ವಾರ ಗುಮಾಸ್ತನಿಗೊಂದು ಮೆಮೊ ಬಂತು: ಅಜಾಗರೂಕತೆಗಾಗಿ ಕಾಯಂ ಆಗುವುದು ಆರು ತಿಂಗಳು ಮುಂದಕ್ಕೆ. ಮೆಮೊದಲ್ಲಿ ಎರಡು ವ್ಯಾಕರಣದೋಷಗಳಿದ್ದವು. ಅವನು ತಿದ್ದದೆ ಸಹಿ ಹಾಕಿದ.

ತೀರ್ಪಿನ ದಿನ ಎಲ್ಲರೂ ಮೆಟ್ಟಿಲಿಳಿಯುವಾಗ ಮಾವ ಹಿಂದುಳಿದರು. ಮೂರನೇ ಮಹಡಿಯ ಮೂಲೆಯ ಕಿಟಕಿಯಲ್ಲಿ ತಲೆ ಹಾಕಿ ಹೊರಗೋಡೆಯನ್ನು ನೋಡುತ್ತಿದ್ದರು.

“ಏನು ಮಾವ?”

“ಈ ಕಟ್ಟಡಕ್ಕೆ ಸಾರ್ವೆ ನಂದೇ ತಮ್ಮಾ. ಇಪ್ಪತ್ತು ವರ್ಷ ಆಯ್ತು. ಈ ಕೇಸಿಗೆ ಬರೋವರ್ಗೂ ಒಳಗೆ ಹೀಗಿದೆ ಅಂತ ಗೊತ್ತಿರ್ಲಿಲ್ಲ. ಇಷ್ಟು ಬೆಂಚು ಹಾಕಿದಾರೆ!” ಕೋಣೆ, ಜಗಲಿ, ಸೂರು ಎಲ್ಲವನ್ನೂ ಅವರು ಇನ್ನೊಬ್ಬರ ಮನೆ ನೋಡುವ ನೆಂಟರಂತೆ ಕುತೂಹಲದಿಂದ ನೋಡಿದರು. ಆಮೇಲೆ ಮತ್ತೆ ಹೊರಗೆ ಕೈ ಮಾಡಿದರು. “ಅಲ್ಲಿ ನೋಡು, ಆ ತೂತು.”

ಕಿಟಕಿಯಿಂದ ಎರಡು ಮೊಳ ಆಚೆ ಗೋಡೆಯಲ್ಲಿ ಮುಷ್ಟಿ ಗಾತ್ರದ ತೂತೊಂದಿತ್ತು. ಸಾರುವೆಯ ಅಡ್ಡಗಳವನ್ನು ಗೋಡೆಗೆ ಸಿಕ್ಕಿಸಿದ ಜಾಗ. ಬಿಚ್ಚಿದ ಮೇಲೆ ಗಾರೆಯವರು ಮುಚ್ಚಬೇಕಾದದ್ದು, ಮರೆತಿದ್ದರು. ಅದರೊಳಗಿಂದ ಒಂದು ಹಕ್ಕಿ ತಲೆ ಹೊರಹಾಕಿ ಇಬ್ಬರನ್ನೂ ನೋಡಿ, ಒಳಗೆ ಹೋಯಿತು.

“ಅರ್ಧ ಬಿಟ್ಟಿದ್ದು, ಹಾಗೇ ಇದೆ,” ಎಂದರು ಮಾವ ಸಂತೋಷದಿಂದ. “ನೀನಾಗಿದ್ರೆ ಮುಚ್ಚಿಬಿಡ್ತಿದ್ದೆ.”

“ಮುಚ್ಚಿ...” ಎಂದು ಗುಮಾಸ್ತ ಏನೋ ಹೇಳಹೊರಟ. ಮಾತು ‘ಮುಚ್ಚಿ’ ಎಂಬಲ್ಲಿ ನಿಂತಿತು.

ಮಾವ ಕಿಟಕಿಗೆ ಮೊಣಕೈ ಊರಿ, ಅವನ ಮುಖವನ್ನೇ ನೋಡುತ್ತ, ಕಾದರು.